ಮೂರು ಟವೆಲ್ ಉಳಿದ ಬೆಳಗು

ತಾತ್ಸುನೊ ಕುವಾಬಾರಾ ಮಾತಾಡುತ್ತಿದ್ದುದು ಹಲ್ಲುಗಳ ಸಂದಿಯಿಂದ. ನಲವತ್ತು ವರ್ಷ ರೇಷ್ಮೆಯ ಲಾಡಿಗಳನ್ನು ಬಾಯಲ್ಲಿ ಕಚ್ಚಿಕೊಂಡೇ ಮಾತ್ಸುಮೊತೊ ಪಟ್ಟಣದ ಹುಡುಗಿಯರಿಗೆ ಕಿಮೋನೊ ಉಡಿಸಿದ ಆಕೆಗೆ, ಲಾಡಿಯಿಲ್ಲದ ವೇಳೆಯಲ್ಲೂ ತುಟಿ ಬಿಚ್ಚದೆ ನುಡಿಯುವುದೇ ಸ್ವಭಾವವಾಗಿಹೋಗಿತ್ತು. ಕುಳ್ಳ ದೇಹ, ಚಾಪೆಯ ಮೇಲೆ ಮೊಣಕಾಲಲ್ಲೇ ಸರಿದಾಡುವ ನಡಿಗೆ, ಬೇಸಿಗೆಯಲ್ಲೂ ಕಳಚದ ಬೂದು ಮೇಲಂಗಿ. ಆಕೆ ಬಿಗಿದ ಓಬಿ, ಆ ಅಗಲದ ನಡುಪಟ್ಟಿ, ಸಂಜೆಯವರೆಗೆ ಎಳೆಯಷ್ಟೂ ಜಾರದೆಂಬುದು ಪ್ರಸಿದ್ಧಿ. "ಉಸಿರು ಕಟ್ಟತ್ತೆ ಸೆನ್ಸೇ" ಎಂದು ಈ ಗುರುವಮ್ಮನನ್ನು ಗೋಗರೆದವರಿಗೆಲ್ಲ ಒಂದೇ ಉತ್ತರ: "ಇಪ್ಪತ್ತು ತುಂಬೋದು ಒಂದೇ ಸಲ. ತಡ್ಕೋ." ಹೋಟೆಲಿನವರ ಮಗಳೊಬ್ಬಳು ಮೂರ್ಛೆ ಹೋದಾಗಲೂ ಗಂಟು ಸಡಿಲಿಸದೆ, ಹುಳಿ ಪ್ಲಮ್ ತಿನ್ನಿಸಿ ಎಬ್ಬಿಸಿ ಕಳಿಸಿದ್ದಳು.

ಇಪ್ಪತ್ತು ತುಂಬಿದವರನ್ನು ಊರು ಸಭೆ ಸೇರಿ ಹರಸುವ ಆ ಜನವರಿಯ ಬೆಳಿಗ್ಗೆ ಆಕೆಯ ಮುಂದೆ ನಿಂತವಳು ಸೋಬಾ ಶ್ಯಾವಿಗೆ ಅಂಗಡಿಯ ಮಾಸಾಯೊಳ ಮಗಳು ಚಿಗುಸಾ. ಉಡಬೇಕಾದದ್ದು ತಾಯಿಯೇ ತನ್ನ ಇಪ್ಪತ್ತರಲ್ಲಿ ಉಟ್ಟಿದ್ದ ಉದ್ದತೋಳಿನ ಕೆಂಪು ಕಿಮೋನೊ. ಸಣಕಲು ಸೊಂಟವನ್ನು ತುಂಬಲೆಂದು ತಾತ್ಸುನೊ ನಾಲ್ಕು ಟವೆಲ್ ತೆಗೆದಿರಿಸಿ, ಮೊದಲನೆಯದನ್ನು ಸುತ್ತಿದಳು. ಕೈ ನಿಂತಿತು. ಅಂಗೈಗೆ ತಗುಲಿದ ಆ ಗಟ್ಟಿ ದುಂಡು ಬೊಜ್ಜಿನದಲ್ಲ. ತಲೆಯೆತ್ತಿದರೆ, ಕನ್ನಡಿಯಲ್ಲಿ ಚಿಗುಸಾಳ ಮುಡಿಯ ರೇಷ್ಮೆ ಹೂಗಳು ನಡುಗುತ್ತಿದ್ದವು.

"ಯಾಕೆ ನಿಲ್ಲಿಸಿದ್ರಿ? ಹನ್ನೊಂದಕ್ಕೆ ಸಮಾರಂಭ," ಎಂದಳು ಹಿಂದೆ ಕೂತಿದ್ದ ಮಾಸಾಯೊ. "ಮೂರು ಟವೆಲ್ ಹಾಗೇ ಇದೆಯಲ್ಲ!"

"ಸಾಕು. ಹೊಸ ವರ್ಷದ ಮೋಚಿ ಕಡುಬು ಚೆನ್ನಾಗಿ ತಿಂದಿದಾಳೆ."

"ಇವಳಾ? ಅನ್ನ ಬೇಯೋ ವಾಸನೆಗೇ ಎದ್ದೋಡ್ತಾಳೆ!" ಎನ್ನುತ್ತ ಮಾಸಾಯೊ ಟವೆಲ್ ಹಿಡಿದು ತಾನೇ ಎದ್ದು ಬಂದಳು.

"ಕೂತ್ಕೊಳ್ರೀ! ಉಡಿಸ್ತಿರೋದು ನೀವಾ, ನಾನಾ?"

ಮಾಸಾಯೊ ಟವೆಲ್ ಕೆಳಗಿಟ್ಟು ಕೂತಳು. ತಾತ್ಸುನೊ ಓಬಿಯನ್ನು ನಾಲ್ಕು ಬೆರಳು ಮೇಲಕ್ಕೆ, ಜೀವಮಾನದಲ್ಲೇ ಮೊದಲ ಬಾರಿಗೆ ಸಡಿಲವಾಗಿ ಕಟ್ಟಿದಳು. ಪಾದರಕ್ಷೆ ತರಲು ತಾಯಿಯನ್ನು ಬಾಗಿಲಿಗೆ ಕಳಿಸಿ, ಕೇಳಿದಳು: "ಎಷ್ಟು ತಿಂಗಳು?"

"ನಾಲ್ಕು. ಅಮ್ಮಂಗೆ ಹೇಳ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

"ನಾನು ಹೇಳಲ್ಲ. ನೀನು ಹೇಳ್ತೀಯ. ಬಿಚ್ಚೋಕೆ ಮತ್ತೆ ಮನೆಗೆ ಬರ್ತೀನಲ್ಲ, ಅಷ್ಟರೊಳಗೆ."

ಸಮಾರಂಭಗಳಿಗೆ ಎಂದೂ ಹೋಗದ ತಾತ್ಸುನೊ ಅಂದು ಸಭಾಭವನದ ಹೊರಗೆ ಹಿಮದಲ್ಲಿ ಕಾದು ನಿಂತಳು. ಅಂಜಿದಂತೆಯೇ ಆಯಿತು. ಚಿತ್ರ ತೆಗೆಸಿಕೊಳ್ಳಲು ಸಾಲುಗಟ್ಟಿದ ಹುಡುಗಿಯರ ನಡುವೆ ಚಿಗುಸಾಳ ಓಬಿ ಜಾರತೊಡಗಿತ್ತು. ತಾತ್ಸುನೊ ಎಲ್ಲರ ಕಣ್ಣೆದುರೇ ನುಗ್ಗಿ ಅದನ್ನು ಎತ್ತಿ ಕಟ್ಟಿದಳು. "ಪಾಪ, ಸೆನ್ಸೇಯ ಕೈ ಸೋತಿದೆ, ವಯಸ್ಸಾಯ್ತಲ್ಲ," ಎಂದರು ಯಾರೋ. ಆಕೆ ತಿರುಗಿ ನೋಡಲಿಲ್ಲ.

ಮಧ್ಯಾಹ್ನ ಕಿಮೋನೊ ಬಿಚ್ಚಿಸಲು ತಾತ್ಸುನೊ ಹೋದಾಗ, ಬಾಗಿಲು ತೆರೆದ ಮಾಸಾಯೊಳ ಕಣ್ಣು ಕೆಂಪಗಿದ್ದವು.

"ನಿಮಗೆ ಗೊತ್ತಿತ್ತು."

"ಕೈಗೆ ಗೊತ್ತಾಯ್ತು."

"ನಂಗೆ ಒಂದು ಮಾತು ಹೇಳ್ಬಾರದಿತ್ತಾ? ನಾನು ಹೆತ್ತೋಳು!"

"ಅದು ಅವಳ ಮಾತು, ನಂದಲ್ಲ."

ಮಾಸಾಯೊ ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದಳು. ಕೊನೆಗೆ ಪಕ್ಕಕ್ಕೆ ಸರಿದಳು. "ಒಳಗೆ ಬನ್ನಿ. ಇನ್ನೂ ಉಟ್ಟ ಬಟ್ಟೇಲೇ ಕೂತಿದಾಳೆ. ಹೇಗೆ ಮುಟ್ಬೇಕೋ ನಂಗೆ ತಿಳೀತಿಲ್ಲ."

ಕಠಿಣರೆಂದು ಹೆಸರಾದವರನ್ನು ಊರು ಅವರ ಕಾಠಿಣ್ಯಕ್ಕಾಗಿಯೇ ನೆನೆಯುತ್ತದೆ. ಯಾರಿಗಾಗಿ, ಯಾವ ಗಳಿಗೆಯಲ್ಲಿ ಅವರು ಆ ಹೆಸರನ್ನೇ ಬಿಟ್ಟುಕೊಟ್ಟರೆಂಬುದು ಮಾತ್ರ ಊರಿಗೆ ತಿಳಿಯುವುದೇ ಇಲ್ಲ. ತಿಳಿಯಲೆಂದು ಅಂಥವರು ಬಯಸುವುದೂ ಇಲ್ಲ.