ಶುಕ್ರವಾರ ಕೊಡದ ಒಲೆ

ಇಗೋ, ಮತ್ತೆ ಊದಿತು, ಧನುಶ್ರೀಯ ಕೆಳತುಟಿಯ ಮೇಲೊಂದು ಜೊಲ್ಲಿನ ಗುಳ್ಳೆ, ಕಿಟಕಿಯ ಎಳೆಬಿಸಿಲು ಅದರ ಮೈಮೇಲೆ ಬಣ್ಣಬಣ್ಣವಾಗಿ ಜಾರಿ, ಟಪ್, ಒಡೆದೇಹೋಯಿತು — ಕಳ್ಳಿ, ತಿಮ್ಮಪ್ಪನಿಗೆ ಹುಟ್ಟುಗೂದಲು ಕೊಡೋಕೆ ಹೊರಟವಳು ತಿರುಪತಿ ಮುಟ್ಟುವವರೆಗೂ ಜೊಲ್ಲು ಸುರಿಸಿಕೊಂಡೇ ಹೋಗ್ತಾಳೇನೋ, ವರಲಕ್ಷ್ಮಮ್ಮ ಸೆರಗಿನ ತುದಿಯಿಂದ ಮೊಮ್ಮಗಳ ಗಲ್ಲ ಒರೆಸಿದಳು, ಸೊಸೆ ಶಿಲ್ಪಳ ಮಡಿಲಲ್ಲಿ ಕೂಸು ಖುಷಿಯಿಂದ ಕಾಲು ಬಡಿಯಿತು, ವ್ಯಾನು ದೇವನಹಳ್ಳಿ ದಾಟಿದೆ, ಬುಟ್ಟಿಯಲ್ಲಿ ಸ್ಟೀಲ್ ಲೋಟಗಳು ಗಲಗಲ ಅನ್ನುತ್ತಿವೆ, ಅನ್ನಲಿ, ಅದು ಗುಂಡಿ ಬಿದ್ದ ರಸ್ತೆಯ ಸದ್ದು, ಈ ಗಾಡಿಯ ಒಂದೊಂದು ಸದ್ದೂ ಅವಳಿಗೆ ಗೊತ್ತು, ದೊಡ್ಡಬಳ್ಳಾಪುರದಲ್ಲಿ ಆರು ಪವರ್‌ಲೂಮ್ ಒಟ್ಟಿಗೆ ಬಡಿಯುವಾಗಲೂ ಯಾವ ಮಗ್ಗದಲ್ಲಿ ಎಳೆ ತುಂಡಾಯಿತು ಅಂತ ಬೆನ್ನು ತಿರುಗಿಸಿಕೊಂಡೇ ಹೇಳಿದವಳು ಅವಳು, ಅಂಥವಳ ಕಿವಿಗೆ, ಮೂಗಿಗೆ, ಕಣ್ಣಿಗೆ ಯಾರು ಮಣ್ಣೆರಚೋಕಾಗುತ್ತೆ? ಮಗ ರಾಜೇಂದ್ರ ತೊಂಬತ್ತೈದರಲ್ಲಿ ಈ ವ್ಯಾನು ತಂದಾಗ, ಯಾತ್ರೆಗೆ ಬಾಡಿಗೆ ಬಿಡ್ತೀನಮ್ಮ, ಅಂದಾಗ, ಬರೀ ಗಾಡಿ ಯಾರಿಗೆ ಬೇಕೋ, ಜನಕ್ಕೆ ಹೊಟ್ಟೆಗೇನು ಹಾಕ್ತೀಯ, ಅಂತ ಕೇಳಿದವಳೂ ಅವಳೇ, ಹೊಸಕೋಟೆಯ ಗ್ಯಾರೇಜಿನಲ್ಲಿ ಹಿಂದಿನ ಸೀಟು ಕೀಳಿಸಿ, ಹಲಗೆ ಹೊಡೆಸಿ, ಮೇಲೆ ಗ್ಯಾಸ್ ಒಲೆ ಕೆಳಗೆ ಸಿಲಿಂಡರ್ ಕೂರಿಸಿದ್ದು ಅವಳ ಬುದ್ಧಿಯೇ, ಗಾಡಿಗೆ ಅಂತಲೇ ಮಾಡಿದ ಒಲೆಯಂತೆ, ಈ ಸಲದ ಆಯುಧಪೂಜೆಗೆ ಹೊಸದು ತಂದು ಹಾಕಿದ್ದಾರೆ, ಅದರ ನೆತ್ತಿಗೆ ಅವಳು ಹಚ್ಚಿದ ಅರಿಶಿನ ಕುಂಕುಮ ಇನ್ನೂ ಹೋಗಿಲ್ಲ, ಗಾಡಿ ನಿಂತು ಜನ ಇಳಿದು ಸೊಂಟ ಸರಿಮಾಡಿಕೊಳ್ಳುವಷ್ಟರಲ್ಲಿ ಕಾಫಿ ಕೈಗೆ ಬಂದಿರಬೇಕು, ಅದಕ್ಕೇ ಸಿಲಿಂಡರಿನ ರೆಗ್ಯುಲೇಟರ್ ಅವಳು ಆರಿಸುವುದೇ ಇಲ್ಲ, ಒಲೆಯ ನಾಬು ತಿರುಗಿಸಿದರೆ ಸಾಕು, ಬೆಂಕಿ ರೆಡಿ.

ಇಂಥ ಒಲೆಯನ್ನು ಬಿಚ್ಚಿಕೊಂಡು ಹೋಗೋಕೆ ಬಂದಿದ್ದನಲ್ಲ ನಿನ್ನೆ ಆ ಚಲಪತಿ, ಒಲೆ ಮಾರಿದ ನೆಲಮಂಗಲದ ಅಂಗಡಿಯವನು, ಮೊಪೆಡ್ಡಿನ ಹಿಂದೆ ಬೇರೆ ಒಲೆಯೊಂದನ್ನು ಹಗ್ಗದಲ್ಲಿ ಬಿಗಿದುಕೊಂಡು ಬೆವರು ಸುರಿಸುತ್ತಾ ಬಂದ, ಅಮ್ಮಾವ್ರೇ, ಕಂಪನಿಯವರು ಹೇಳಿ ಕಳಿಸಿದಾರೆ, ಗಾಡಿಗಳಿಗೆ ಹಾಕಿರೋ ಈ ಒಲೆ ಎಲ್ಲಾನೂ ವಾಪಸ್ ತಗೋತಿದೀವಿ, ಕುಲುಕಾಟಕ್ಕೆ ನಾಬಿನ ಬುಡ ಸಡ್ಲ ಆಗಿ ಗ್ಯಾಸ್ ಸೋರ್ತಾ ಇದೆ, ಬೇರೇದು ಕೊಡ್ತೀವಿ, ಒಂದು ಪೈಸ ಬೇಡ — ಪೈಸ ಬೇಡ ಅಂದಾಗಲೇ ಅವಳ ಹುಬ್ಬು ಮೇಲೆ ಹೋಗಿದ್ದು, ಮಾರಿದ ವಸ್ತುವನ್ನ ತಾನಾಗೇ ವಾಪಸ್ ಕೇಳೋ ಅಂಗಡಿಯವನನ್ನ ಅವಳು ಹುಟ್ಟಿದ ಮೇಲೆ ಕಂಡಿದ್ದಿಲ್ಲ, ಸೀರೆ ಬಣ್ಣ ಬಿಟ್ಟರೆ ನೀರು ಸರಿಯಿಲ್ಲ ಅನ್ನೋರೇ ಎಲ್ಲ, ಆದರೂ ಹುಡುಗನ ಮುಖ ಮೋಸದ ಮುಖವಲ್ಲ, ಅದನ್ನೂ ಅವಳೇ ನೋಡಿದಳು, ನೋಡಿ ಕೊಡ್ತಿದ್ದಳೇನೋ, ಆದರೆ ವಾರ ಅಡ್ಡ ಬಂತು, ಏನಪ್ಪಾ, ಇವತ್ತು ವಾರ ಯಾವುದು ಗೊತ್ತಾ ನಿಂಗೆ? ಶುಕ್ರವಾರ ಅಮ್ಮ. ಶುಕ್ರವಾರ ಮುತ್ತೈದೆ ಮನೆಯಿಂದ ಒಲೆ ಆಚೆ ಕೊಡ್ತಾರೇನಪ್ಪಾ, ನಿಮ್ಮನೇಲಿ ಕೊಡ್ತಾರಾ? ಪಾಪ, ತಲೆ ಕೆರೆದುಕೊಂಡ, ಅವನ ತಾಯಿಯೂ ಶುಕ್ರವಾರ ಉಪ್ಪು ಕೂಡ ಕೈಯೆತ್ತಿ ಕೊಡದವಳೇ ಇರಬೇಕು, ನಾಳೆ ಬರ್ಲಾ ಅಮ್ಮ? ನಾಳೆ ಬೆಳಕು ಹರಿಯೋಕೆ ಮುಂಚೆ ತಿರುಪತಿಗೆ ಹೊರಟುಬಿಡ್ತೀವಿ ಕಣಪ್ಪ, ಬಂದಮೇಲೆ ಕೊಡ್ತೀನಿ, ಎಲ್ಲಿಗೆ ಓಡಿಹೋಗುತ್ತೆ ಒಲೆ, ಕಾಫಿ ಕುಡಿದು ಹೋಗು ಬಾ — ಕುಡಿಯಲಿಲ್ಲ, ಮೊಪೆಡ್ ಹತ್ತಿ ಮತ್ತೆ ಇಳಿದು ಬಂದ, ಅಮ್ಮಾ, ಕೊನೇಪಕ್ಷ ನೊರೆ ಹಚ್ಚಿ ನೋಡಿ, ನಾಬಿನ ಬುಡದಲ್ಲಿ, ಗುಳ್ಳೆ ಎದ್ರೆ ಬೆಂಕಿ ತೋರಿಸ್ಬೇಡಿ, ಆದ್ರೆ ನಿಂತಿರೋ ಗಾಡೀಲಿ ಅದು ಗೊತ್ತಾಗಲ್ಲ, ಓಡಿದ ಮೇಲೇ ಗೊತ್ತಾಗೋದು, ಅಂದ, ಆಯ್ತು ಹೋಗ್ಬಾರಪ್ಪ, ಅಂದಳು.

ಹಚ್ಚಿ ನೋಡಿದಳಲ್ಲ, ಯಾರ ಮಾತನ್ನೂ ಕಾಲ ಕಸ ಮಾಡಿದವಳಲ್ಲ ವರಲಕ್ಷ್ಮಮ್ಮ, ಸಂಜೆ ಅಂಟುವಾಳ ನೆನೆಹಾಕಿ ಕಿವುಚಿ ನೊರೆ ತೆಗೆದಳು, ರೇಷ್ಮೆ ಸೀರೆ ಒಗೆಯುವ ಅದೇ ನೊರೆ, ಬೆರಳಲ್ಲಿ ಅದ್ದಿ ನಾಬಿನ ಬುಡಕ್ಕೆ ಸವರಿ ಉಸಿರು ಹಿಡಿದು ನೋಡಿದಳು, ಒಂದು ಗುಳ್ಳೆ? ಊಹ್ಞೂಂ, ನೊರೆ ಹಾಗೇ ಮಲಗಿತ್ತು, ಗಂಡ ಬಚ್ಚಪ್ಪನನ್ನೂ ಕರೆದು ತೋರಿಸಿದಳು, ನೀನು ನೋಡಿದ್ಮೇಲೆ ಆಯ್ತು ಬಿಡು, ಅಂದ, ಆ ಮನುಷ್ಯ ಮದುವೆಯಾದಾಗಿನಿಂದ ಅನ್ನುವುದು ಅದೇ, ಈಗ ಮುಂದಿನ ಸೀಟಿನಲ್ಲಿ ಮಗನ ಪಕ್ಕ ಕೂತು ದಾರಿಯಲ್ಲಿ ಯಾವ ಆಂಜನೇಯನ ಗುಡಿ ಕಂಡರೂ ಕೂತಲ್ಲಿಂದಲೇ ಊದುಬತ್ತಿ ಹಚ್ಚಿ ಕೈಮುಗಿಯುತ್ತಾನೆ, ಜೇಬಿನಲ್ಲಿ ಬೆಂಕಿಪೊಟ್ಟಣ ಇಲ್ಲದೆ ಅವನನ್ನು ಕಂಡವರಿಲ್ಲ, ಮಧ್ಯದ ಸೀಟುಗಳಲ್ಲಿ ನೆರೆಮನೆಗಳ ಹೆಂಗಸರು ತೂಕಡಿಸುತ್ತಿದ್ದಾರೆ, ಚಳಿಗಾಳಿ ಅಂತ ಗಾಜುಗಳನ್ನೆಲ್ಲ ಏರಿಸಿದ್ದಾರೆ, ಮಗುವಿಗೆ ಕುಲಾವಿ, ಕುಲಾವಿಯೊಳಗೆ ಇನ್ನೊಂದು ದಿನದ ಕೂದಲು — ಅತ್ತೆ, ಏನೋ ವಾಸನೆ ಬರ್ತಾ ಇದೆ, ಅಂದಳು ಶಿಲ್ಪ, ಮೂಗು ಮುಚ್ಚಿಕೊಂಡು, ಏನೋ ಕೊಳೆತಂಗೆ. ಅಯ್ಯೋ ಪೆದ್ದಿ, ವಿಜಯಪುರ ಬಂತು ಕಣೇ, ಮನೆಮನೆಯಲ್ಲೂ ರೇಷ್ಮೆಗೂಡು ಬೇಯಿಸ್ತಾರೆ, ಹುಳದ ವಾಸನೆ ಅದು, ನೀನು ಉಟ್ಟಿದೀಯಲ್ಲ ಆ ಸೀರೆ ಹುಟ್ಟೋದೇ ಈ ವಾಸನೇಲಿ! ನೆರೆಮನೆಯ ಹೆಂಗಸರು ಕಣ್ಣುಬಿಟ್ಟು ನಕ್ಕರು, ವರಲಕ್ಷ್ಮಮ್ಮನೂ ನಕ್ಕಳು, ಗಾಜಿನಾಚೆ ಹಬೆಯಾಡುವ ಶೆಡ್ಡುಗಳು, ಬಾಣಲಿಗಳು, ಸೈಕಲ್ ಮೇಲೆ ಗೂಡಿನ ಮೂಟೆ, ಕೆಂಪು ಬಸ್ಸು, ಎಲ್ಲ ಸರಿದುಹೋದವು, ನೋಡಿದ್ಯಾ, ನಿಮ್ಮತ್ತೆ ಮೂಗು ಇನ್ನೂ ಸೋತಿಲ್ಲ.

ಊರು ಹಿಂದೆ ಬಿತ್ತು, ಶೆಡ್ಡುಗಳು ಮುಗಿದವು, ಎರಡೂ ಕಡೆ ಹಿಪ್ಪುನೇರಳೆ ತೋಟ, ದ್ರಾಕ್ಷಿ ಚಪ್ಪರ, ವಾಸನೆ ಮಾತ್ರ ಇಳಿಯಲಿಲ್ಲ, ಬಟ್ಟೆಗೆ ಅಂಟಿದೆ, ಅಷ್ಟೇ, ಗೂಡಿನ ವಾಸನೆ ಹಾಗೆಲ್ಲ ಬಿಡುತ್ತಾ, ಆದರೆ ಗೂಡಿನ ವಾಸನೆಯಲ್ಲಿ ಎಣ್ಣೆಯ ಜಿಡ್ಡಿರುತ್ತೆ, ಅದು ಬಾಲ್ಯದಿಂದ ಗೊತ್ತು, ಇದರಲ್ಲಿ ಜಿಡ್ಡಿಲ್ಲ, ಇದು ಒಣ ವಾಸನೆ, ಇದು — ಅತ್ತೆ, ಇನ್ನೂ ಬರ್ತಿದೆ. ಸುಮ್ನಿರೇ, ಈಗಲೇ ನಿನ್ನ ಅನುಮಾನ ತೀರಿಸ್ತೀನಿ, ಎಂದು ಮಗುವಿನ ಬಟ್ಟೆ ಒಗೆಯಲು ತಂದಿದ್ದ ಅಂಟುವಾಳದ ಡಬ್ಬಿ ತೆಗೆದಳು, ದಾರಿಯ ಕುಲುಕಾಟಕ್ಕೆ ನೊರೆ ತಾನಾಗೇ ಎದ್ದು ಕೂತಿತ್ತು, ನಿನ್ನೆ ನೋಡಿದ್ದೀನಿ, ಇವತ್ತೂ ತೋರಿಸ್ತೀನಿ ನೋಡು, ನಗುತ್ತಲೇ ಬೆರಳು ಅದ್ದಿ, ಹಿಂದಿನ ಒಲೆಯತ್ತ ತಿರುಗಿ ನಾಬಿನ ಬುಡಕ್ಕೆ ಸವರಿದಳು, ಕುಂಕುಮಕ್ಕೆ ತಗುಲಿ ನೊರೆ ಒಂದಿಷ್ಟು ಕೆಂಪಾಯಿತು, ನೋಡಿದ್ಯಾ, ಏನೂ — ನೊರೆ ಮಿಸುಕಿತು, ನಡುವಿನಿಂದ ಒಂದು ಗುಳ್ಳೆ ಹೊರಟಿತು, ಸಾಸಿವೆಯಷ್ಟು, ಕಡಲೆಯಷ್ಟು, ಬೋರೆಹಣ್ಣಿನಷ್ಟು, ಒಡೆಯಿತು, ಅದರ ಜಾಗದಲ್ಲಿ ಇನ್ನೊಂದು, ಒಡೆಯಿತು, ಇನ್ನೊಂದು, ಓಡಿದ ಮೇಲೇ ಗೊತ್ತಾಗೋದು ಅಮ್ಮ, ಅಂದಿದ್ದನಲ್ಲ ಚಲಪತಿ, ಗಾಡಿ ಮೆಲ್ಲಗಾಯಿತು, ಯಾಕೆ ಮೆಲ್ಲಗಾಯಿತು, ಎಡಗಡೆ ಅರಳಿಮರ, ಸುಣ್ಣದ ಗೋಡೆ, ಆಂಜನೇಯ, ಮುಂದಿನ ಸೀಟಿನಲ್ಲಿ ಬಚ್ಚಪ್ಪನ ಕೈ ಜೇಬಿಗೆ ಹೋಗಿದೆ, ಬೆಂಕಿಪೊಟ್ಟಣದ ಕಡ್ಡಿಗಳು ಗರಗರ ಅಂದವು, ಇಷ್ಟು ಸದ್ದಿನ ನಡುವೆ ಅದೊಂದೇ ಸದ್ದು ಅವಳ ಕಿವಿಗೆ ಬಿತ್ತು — ರೀ! ಗೀಚ್ಬೇಡ್ರೀ! ಕಡ್ಡಿ ಬಿಸಾಕ್ರೀ! ರಾಜೇಂದ್ರ, ನಿಲ್ಸೋ, ಬಾಗಿಲು ತೆಗಿ, ಇಳೀರಿ ಎಲ್ಲಾರೂ, ಲೇ ಶಿಲ್ಪ, ಮಗು ಎತ್ಕೊಂಡು ಓಡೇ! ಕೂಗುತ್ತಲೇ ಕೈ ಕೆಳಗೆ ಹೋಗಿ ರೆಗ್ಯುಲೇಟರ್ ತಿರುಗಿಸಿತ್ತು, ಬುದ್ಧಿಗಿಂತ ಕೈ ಜಾಣ, ಯಾವಾಗಲೂ, ಮಗ್ಗದ ಮುಂದೆಯೂ ಅಷ್ಟೇ, ಗಾಜುಗಳು ಇಳಿದವು, ಗಾಳಿ ನುಗ್ಗಿತು, ಹೆಂಗಸರು ಚಪ್ಪಲಿ ಬಿಟ್ಟು ಹಿಪ್ಪುನೇರಳೆ ತೋಟದ ಬದಿಗೆ ಓಡಿದರು, ಬಚ್ಚಪ್ಪ ಗೀಚದ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ರಸ್ತೆಯ ನಡುವೆ ನಿಂತಿದ್ದಾನೆ, ಬಿಸಾಡುವುದೂ ತೋಚದೆ, ಏನಾಯ್ತೇ ವರಲಕ್ಷ್ಮಿ? ಏನೂ ಆಗಿಲ್ಲ, ಆಗೋಕೆ ಬಿಟ್ಟಿಲ್ಲ, ರಾಜೇಂದ್ರ, ಒಲೆ ಬಿಚ್ಚಿ ಕೆಳಗಿಡು, ಸಿಲಿಂಡರ್ ದೂರ ಇಡು, ಆಮೇಲೆ ವಿಜಯಪುರದಿಂದ ಆ ಚಲಪತಿಗೆ ಫೋನು ಮಾಡು, ಬಂದು ತಗೊಂಡು ಹೋಗ್ಲಿ, ಶುಕ್ರವಾರ ಕೊಡಲ್ಲ ಅಂದಿದ್ದೆ, ಇವತ್ತು ಶನಿವಾರ. ದನಿ ಗಟ್ಟಿಯಾಗೇ ಬಂತು, ಹೋಗಿ ಅರಳಿಕಟ್ಟೆಯ ಮೇಲೆ ಕೂತಳು, ಹೆದರಿದ್ದಳು, ಹೌದು, ಹುಟ್ಟಿದ ಮೇಲೆ ಇಷ್ಟು ಹೆದರಿರಲಿಲ್ಲ, ಗೂಡಿನ ವಾಸನೆ ಅಂದಳಲ್ಲ, ಎಲ್ಲರನ್ನೂ ನಗಿಸಿದಳಲ್ಲ, ಶಿಲ್ಪ ಅಳುತ್ತಾ ಬಂದು ಮಗುವನ್ನು ಅವಳ ಮಡಿಲಿಗೆ ಹಾಕಿದಳು, ಕುಲಾವಿ ಎಲ್ಲೋ ಬಿದ್ದುಹೋಗಿದೆ, ಮುಡಿಗೆ ಬಿಟ್ಟ ಕೂದಲು ಗಾಳಿಗೆ ಎದ್ದಿದೆ, ಮಗುವಿಗೇನು ಗೊತ್ತು, ಅಜ್ಜಿಯ ಮುಖ ನೋಡಿ ನಕ್ಕಿತು, ಕೆಳತುಟಿಯ ಮೇಲೆ ಜೊಲ್ಲು ಸೇರಿತು, ಒರೆಸೋಣ ಎಂದು ಸೆರಗು ಎತ್ತಿದಳು, ಕೈ ಅಲ್ಲೇ ನಿಂತಿತು, ಗುಳ್ಳೆ, ಸಾಸಿವೆಯಷ್ಟು, ಕಡಲೆಯಷ್ಟು, ಊದುತ್ತಿದೆ, ಗುಳ್ಳೆ —