ಇಕ್ಕಳದ ಜಾಗ

ಇದನ್ನು ಹೀಗೇ ಬಿಡುವುದೋ, ಸರಿಮಾಡಿ ಹೋಗುವುದೋ? ಸತ್ತವನ ಮೇಲೆ ಹಗೆ ಸಾಧಿಸಿ ಬರುವುದಾದರೂ ಏನು? ಲೋವೆಲ್ ಹೀಗೆ ಯೋಚಿಸುವಷ್ಟರಲ್ಲಿ ಚೂಪು ಮೂತಿಯ ಇಕ್ಕಳ ಚಪ್ಪಟೆ ಮೂತಿಯದರ ಮೊಳೆಯಲ್ಲಿ ನೇತಾಡುತ್ತಿತ್ತು. ಇನ್ನೊಂದು ಕೈಯಲ್ಲಿತ್ತು. ಹನ್ನೊಂದು ವರ್ಷವಾದರೂ ಬೆರಳುಗಳು ಈ ಕೆಲಸ ಮರೆತಿರಲಿಲ್ಲ.

ಚರ್ಚಿನ ನೆಲಮಾಳಿಗೆಯಲ್ಲಿ, ಫೋಟೋಗಳ ಮೇಜಿನ ಪಕ್ಕ, ಆ ದಿನ ಮಣ್ಣಾಗಲಿದ್ದ ಆರ್ವಿಡ್ ನೈಗಾರ್ಡನ ಉಪಕರಣಗಳ ಹಲಗೆಯನ್ನು ಗೋಡೆಗೆ ಒರಗಿಸಿದ್ದರು. ಊರಿನ ವಾದ್ಯದಂಗಡಿಯ ಹಿಂಬದಿ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಅವನು ಕ್ಲಾರಿನೆಟ್, ಕಾರ್ನೆಟ್ ರಿಪೇರಿ ಮಾಡಿದ್ದ. ಅವನ ಎದುರಿನ ಮೇಜು ಲೋವೆಲ್‌ನದು. ಹಲಗೆಗೆ ಬೂದು ಬಣ್ಣ ಬಳಿದು, ಪ್ರತಿ ಉಪಕರಣದ ಸುತ್ತ ಅದರದೇ ಆಕಾರದಲ್ಲಿ ಬಿಳಿ ಗೆರೆ ಎಳೆದಿತ್ತು. ಸುತ್ತಿಗೆ ತೆಗೆದರೆ ಸುತ್ತಿಗೆಯ ನೆರಳು ಅಲ್ಲೇ ಕಾಯುತ್ತಿತ್ತು.

ಮೇಲೆ ಆರ್ಗನ್ ಶುರುವಾಯಿತು. ಲೋವೆಲ್ ಎರಡನೆಯ ಇಕ್ಕಳವನ್ನೂ ತಪ್ಪು ಗೆರೆಯೊಳಗೆ ತೂಗುಹಾಕಿ, ಕೋಟಿನ ಗುಂಡಿ ಸರಿಪಡಿಸಿಕೊಂಡು ಮೆಟ್ಟಿಲು ಹತ್ತಿದ.

*

ಹದಿನೇಳು ವರ್ಷದ ಹಿಂದೆ, ಒಂದು ಏಪ್ರಿಲ್‌ನಲ್ಲಿ, ಲೋವೆಲ್‌ನ ಹೆಂಡತಿ ಡೋರೀನ್ ತೀರಿಕೊಂಡಳು. ಹತ್ತು ದಿನ ಬಿಟ್ಟು ಕೆಲಸಕ್ಕೆ ಬಂದವನಿಗೆ ತನ್ನ ಮೇಜೇ ಗುರುತು ಸಿಗಲಿಲ್ಲ. ರಾಶಿ ಬಿದ್ದಿರುತ್ತಿದ್ದ ಡಬ್ಬಗಳಿಲ್ಲ, ಚಿಂದಿಯಿಲ್ಲ. ಕಿಟಕಿಯ ಬೆಳಕು ಬರಿ ಮರದ ಮೇಲೆ ಬಿದ್ದಿತ್ತು. ಎದುರಿಗೆ ಹೊಸ ಹಲಗೆ, ಹೊಸ ಬಿಳಿ ಗೆರೆಗಳು.

"ಕೂತ್ಕೊಂಡು ನೋಡು," ಎಂದ ಆರ್ವಿಡ್. ಅವನ ಉಗುರಿನ ಸಂದಿಯಲ್ಲಿ ಇನ್ನೂ ಬಣ್ಣವಿತ್ತು. "ಕಣ್ಣೆದುರು ಕಸ ಇದ್ರೆ ತಲೇಲೂ ಕಸಾನೇ ಕಣೋ. ಎರಡು ಭಾನುವಾರ ಕೂತು ಮಾಡಿದೀನಿ. ಇನ್ಮೇಲೆ ನಿನ್ನ ಮನಸ್ಸು ಒಂದು ಕಡೆ ನಿಲ್ಲುತ್ತೆ. ನಿದ್ದೇನೂ ಬರುತ್ತೆ."

"ಕಾಫಿ ಡಬ್ಬ ಎಲ್ಲಿ?"

"ಆ ತುಕ್ಕು ಡಬ್ಬಾನಾ? ಗುಜರಿಗೆ ಹೋಯ್ತು. ಇಷ್ಟೊತ್ತಿಗೆ ಕರಗಿಸಿರ್ತಾರೆ."

ಆ ಡಬ್ಬದಲ್ಲಿ, ಮುರಿದ ಸ್ಪ್ರಿಂಗುಗಳ ನಡುವೆ, ಡೋರೀನಳ ಕಾರ್ನೆಟ್ಟಿನ ಬಾಯಿತುಂಡು ಇತ್ತು. ಇಪ್ಪತ್ತು ಬೇಸಿಗೆ ಅವಳು ಪಾರ್ಕಿನ ಬ್ಯಾಂಡಿನಲ್ಲಿ ಊದಿದ್ದಳು. ತುಟಿ ಕೂರುವ ಕಡೆ ಬೆಳ್ಳಿ ಸವೆದು ಹಿತ್ತಾಳೆ ಕಾಣುತ್ತಿತ್ತು. ಊದಲು ಉಸಿರಿಲ್ಲದ ಕಾಲದಲ್ಲಿ ಅದನ್ನು ಗಂಡನ ಕೈಗಿತ್ತು, "ಇದರ ಅಂಚು ಸೊಟ್ಟ ಆಗಿದೆ, ಸರಿಮಾಡಿಡು," ಎಂದಿದ್ದಳು. ಅವನು ನಾಳೆ, ನಾಡಿದ್ದು ಎನ್ನುತ್ತಿದ್ದ.

"ಹೇಗಿದೆ, ಹೇಳೋ."

"ಚೆನ್ನಾಗಿದೆ," ಎಂದ ಲೋವೆಲ್.

ಮೂರು ವಾರ ಕಳೆದು, ಆರ್ವಿಡ್ ಹತ್ತು ಗಂಟೆಯ ಕಾಫಿಗೆ ಎದ್ದುಹೋದಾಗ, ಲೋವೆಲ್ ಮೊದಲ ಸಲ ಅವನ ಹಲಗೆಯ ಎರಡು ಇಕ್ಕಳಗಳನ್ನು ಅದಲುಬದಲು ಮಾಡಿದ. ಆರ್ವಿಡ್‌ಗೆ ನೋಡದೆಯೇ ಕೈ ಚಾಚುವ ಅಭ್ಯಾಸ. ಬೇರೆಯದೇ ಕೈಗೆ ಬಂದಾಗ ನಕ್ಕುಬಿಟ್ಟ. ನಾಲ್ಕನೆಯ ಸಲಕ್ಕೆ ನಗಲಿಲ್ಲ. ಎದುರಿಗೆ ಕೂತವನ ಮೇಲೆ ಅವನಿಗೆ ಒಂದು ದಿನವೂ ಅನುಮಾನ ಬರಲಿಲ್ಲ. ತನ್ನ ಮೇಲೆಯೇ ಬಂತು. ಪ್ರತಿ ಮೊಳೆಯ ಕೆಳಗೆ ಹೆಸರಿನ ಚೀಟಿ ಅಂಟಿಸಿದ. ಆಗ ಲೋವೆಲ್ ಒಂದು ತಿಂಗಳು ಏನನ್ನೂ ಮುಟ್ಟಲಿಲ್ಲ. ಆರ್ವಿಡ್ ಮತ್ತೆ ಸಿಳ್ಳೆ ಹಾಕಿಕೊಂಡು ಕೆಲಸ ಮಾಡತೊಡಗಿದ ದಿನ, ಮುಟ್ಟಿದ.

ಆರು ವರ್ಷ ಹಿಡಿಯಿತು. ಆರ್ವಿಡ್ ಒಂದು ದಿನ ಮೇಜಿನ ಮೇಲೆ ಕೈಗಳನ್ನು ಚಾಚಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ. "ಇನ್ನು ನನ್ನ ಕೈಲಾಗಲ್ಲ, ಲೋವೆಲ್. ತಲೆ ಹೋಗ್ತಾ ಇದೆ." ಮಾರನೆಯ ದಿನದಿಂದ ಬರಲಿಲ್ಲ. ಆಗ ಅವನಿಗೆ ಅರವತ್ತೊಂದು.

*

ಮಣ್ಣು ಮುಗಿಸಿ ಎಲ್ಲರೂ ನೆಲಮಾಳಿಗೆಗೆ ಇಳಿದರು. ಹ್ಯಾಮ್ ಇಟ್ಟ ಬನ್ನು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ದೊಡ್ಡ ಹಂಡೆಯಲ್ಲಿ ತಿಳಿ ಕಾಫಿ. ಬ್ಯಾಂಡಿನಲ್ಲಿ ಟ್ರೊಂಬೋನ್ ಊದುವ ಹಾರ್ಲನ್ ತಟ್ಟೆ ಹಿಡಿದು ಲೋವೆಲ್ ಪಕ್ಕ ಬಂದು ನಿಂತ.

"ಹೂತ ಗುಂಡಿ ನೋಡಿದ್ಯಾ? ಅಂಚು ಎಷ್ಟು ನೀಟಾಗಿತ್ತು. ಆರ್ವಿಡ್ಡೇ ಮೊದಲು ಹೋಗಿ ಬಿಳಿ ಗೆರೆ ಎಳೆದು ಬಂದಿರ್ತಾನೆ."

"ಇರಬಹುದು."

"ನಿನ್ನ ಮೇಜು ಮಾತ್ರ ಕೊನೇವರೆಗೂ ತಿಪ್ಪೇನೇ. ಆ ಪುಣ್ಯಾತ್ಮ ಅಷ್ಟು ತಿದ್ದಿದ್ರೂ."

ಆರ್ವಿಡ್‌ನ ಒಬ್ಬಳೇ ಮಗಳು ಸಿಗ್ನೆ ಕಾಫಿಯ ಲೋಟ ತಂದು ಲೋವೆಲ್‌ಗೆ ಕೊಟ್ಟಳು. ಮೂವತ್ತೆಂಟರ ಹೆಣ್ಣು, ತಂದೆಯದೇ ಹಣೆ.

"ಲೋವೆಲ್, ಒಂದು ಕೇಳಬೇಕು. ಅಪ್ಪನಿಗೆ ಮರೆವು ಸರಿಯಾಗಿ ಯಾವಾಗ ಶುರುವಾಯ್ತು? ದಿನಾ ಎದುರಿಗೆ ಕೂತವರು ನೀವೇ."

"ಡಾಕ್ಟರು ಏನಂದ್ರು?"

"ಅವರಿಗೆ ಏನೂ ಸಿಗ್ಲಿಲ್ಲ. ಕೊನೆಗೆ ಅಪ್ಪ ಹೋಗಿದ್ದೂ ಹೃದಯಾಘಾತದಿಂದ. ಆದ್ರೂ ಮನೇಲಿ ಸಕ್ಕರೆ ಡಬ್ಬಕ್ಕೆ ಚೀಟಿ, ದೀಪದ ಗುಂಡಿಗೆ ಚೀಟಿ. ನನ್ನ ಫೋಟೋ ಕೆಳಗೂ ನನ್ನ ಹೆಸರು ಬರೆದಿಟ್ಟಿದ್ರು." ಅವಳು ಬಾಗಿಲ ಬಳಿ ತನ್ನ ಕೋಟು ಹಿಡಿದು ನಿಂತಿದ್ದ ಉದ್ದನೆಯ ಗಂಡಸಿನ ಕಡೆ ನೋಡಿದಳು. "ಅವನು ಎರಡು ವರ್ಷದಿಂದ ಮದುವೆ ಆಗೋಣ ಅಂತಿದಾನೆ. ಇದು ನಂಗೂ ಬರೋದಿದ್ರೆ ಎಷ್ಟು ವರ್ಷ ಉಳಿದಿದೆ ಅಂತ ತಿಳ್ಕೊಂಡು ಉತ್ತರ ಹೇಳ್ಬೇಕು."

"ಐವತ್ತೈದಕ್ಕೆ ಇರಬೇಕು," ಎಂದ ಲೋವೆಲ್. ಅಷ್ಟು ಮಾತ್ರ ನಿಜವಿತ್ತು.

"ಹಾಗಾದ್ರೆ ನಂಗೆ ಇನ್ನು ಹದಿನೇಳು ವರ್ಷ." ಅವಳು ನಗಲು ನೋಡಿದಳು. "ಪರವಾಗಿಲ್ಲ, ಅಷ್ಟು ಸಾಕು ಅನ್ಸುತ್ತೆ. ಹೇಳ್ಬಿಡ್ತೀನಿ ಅವನಿಗೆ."

ತಂದೆಯ ಹಲಗೆಯನ್ನೊಮ್ಮೆ ಮುಟ್ಟಿ ಹೋಗಲೆಂದು ತಿರುಗಿದವಳು ಅಲ್ಲೇ ನಿಂತಳು. ಎರಡು ಇಕ್ಕಳಗಳೂ ತಮ್ಮದಲ್ಲದ ಗೆರೆಗಳೊಳಗೆ ತೂಗುತ್ತಿದ್ದವು.

"ಬೆಳಿಗ್ಗೆ ನಾನೇ ಹಾಕಿದ್ದು," ಎಂದಳು ಮೆಲ್ಲಗೆ. "ಒಂದೊಂದೂ ಗೆರೆಗೆ ಹೊಂದಿಸಿ ಹಾಕಿದೆ. ಎರಡು ಸಲ ನೋಡಿದೆ."

ಹಾರ್ಲನ್ ಬನ್ನು ಅಗಿಯುತ್ತ ನಕ್ಕ. "ಅಪ್ಪನ ಮಗಳೇ ಸರಿ ನೀನು."

"ಯಾರಾದ್ರೂ ಮುಟ್ಟಿದ್ರಾ? ಲೋವೆಲ್, ನಾನು ಮೇಲೆ ಹೋದಾಗ ನೀವು ಇಲ್ಲೇ ಇದ್ರಿ."

ಅವಳ ಹಣೆಯ ಮೇಲೆ ಆರ್ವಿಡ್‌ನ ಅದೇ ಮೂರು ಗೆರೆ ಮೂಡಿದ್ದವು. ಎರಡು ಭಾನುವಾರ ಕೂತು ಮಾಡಿದೀನಿ ಎಂದಾಗ ಮೂಡಿದ್ದ ಗೆರೆಗಳು. ಲೋವೆಲ್ ಲೋಟವನ್ನು ತುಟಿಗೆತ್ತಿದ. ಕಾಫಿ ಆಗಲೇ ಆರಿತ್ತು.

ಸಿಗ್ನೆ ಇಕ್ಕಳಗಳನ್ನು ಸರಿಮಾಡಲಿಲ್ಲ. ತನ್ನ ಬೆರಳುಗಳನ್ನೇ ನೋಡಿಕೊಂಡು, "ಹದಿನೇಳೂ ಇಲ್ಲ," ಎಂದಳು. ಆಮೇಲೆ ಬಾಗಿಲ ಕಡೆ ನಡೆದು ಆ ಗಂಡಸಿಗೆ ಎರಡು ಮಾತು ಹೇಳಿದಳು. ಅವನು ಏನೋ ಕೇಳಿದ, ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ಅವಳ ಕೋಟನ್ನು ಮಡಿಸಿ ಕುರ್ಚಿಯ ಮೇಲಿಟ್ಟು, ಒಬ್ಬನೇ ಮೆಟ್ಟಿಲು ಹತ್ತಿ ಹೋದ.

ಅವುಗಳನ್ನು ಅಲ್ಲಿ ಹಾಕಿದ್ದು ನಾನು ಎಂದು ಲೋವೆಲ್ ಹೇಳಲಿಲ್ಲ.