ವ್ಯಕ್ತಿ ಏಳು

“ಸ್ವಲ್ಪ ಜೋರ್ ಹಚ್ಚ್ರಿ ಮೇಡಂ, ಫ್ಯಾನಿನ ಸಪ್ಪಳದಾಗ ಕೇಳಂಗಿಲ್ಲ,” ಎನ್ನುತ್ತ ಸಾವಿತ್ರಿ ತಾನೇ ಎದ್ದು ಫ್ಯಾನ್ ಆರಿಸಿದಳು.

ಮನಸ್ವಿನಿ ತೊಡೆಯ ಮೇಲಿನ ಲ್ಯಾಪ್‌ಟಾಪ್ ಇನ್ನೂ ತೆರೆದಿರಲಿಲ್ಲ. ಅಹಮದಾಬಾದಿನ ಮಣಿನಗರದ ಆ ರೈಲ್ವೆ ಕ್ವಾರ್ಟರ್ಸಿನಲ್ಲಿ ಪಾತ್ರೆಗಳೆಲ್ಲ ಗಂಟಾಗಿದ್ದವು. ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದ ಅವಳ ಗಂಡ ಭೀಮಸೇನ ಎದೆನೋವಿನಿಂದ ತೀರಿಕೊಂಡು ಎರಡು ತಿಂಗಳಾಗಿತ್ತು. ನಾಳೆ ಸಾವಿತ್ರಿ ತನ್ನೂರು ಬಾಗಲಕೋಟೆಗೆ ಹೊರಡುವವಳು.

“ಭೀಮ್ಯಾ ಗುಟ್ಕಾ ಉಗುಳಿದ್ದೂ ಆ ರೆಕಾರ್ಡಿಂಗ್‌ದಾಗ ಇರ್ತೈತಿ ನೋಡ್ರಿ ವೈನಿ,” ಎಂದ ಬಾಗಿಲಲ್ಲಿ ನಿಂತಿದ್ದ ಗಣೇಶ್. ಅವನೂ ಅದೇ ಗ್ಯಾಂಗಿನವನು.

“ನೀ ಸುಮ್ನಿರಪಾ.” ಸಾವಿತ್ರಿ ನಕ್ಕಳು.

ಅಹಮದಾಬಾದಿನ ಸುತ್ತ ಹಳಿಯ ಮೇಲೆ ದುಡಿಯುವ ಕನ್ನಡಿಗರದೊಂದು ವಾಟ್ಸಾಪ್ ಗುಂಪಿತ್ತು. ಬೆರಳಿಗೆ ಗ್ರೀಸು ಮೆತ್ತಿರುವುದರಿಂದ ಯಾರೂ ಬರೆಯುತ್ತಿರಲಿಲ್ಲ, ಎಲ್ಲ ಮಾತನಾಡಿ ಕಳಿಸಿದ ಧ್ವನಿ ಸಂದೇಶಗಳೇ. ಫೋನು ತುಂಬದಿರಲೆಂದು ಒಂದು ದಿನಕ್ಕೆ ಅಳಿಯುವಂತೆ ಇಟ್ಟುಕೊಂಡಿದ್ದರು. ಉಳಿಸಿಕೊಂಡವಳು ಮನಸ್ವಿನಿ ಒಬ್ಬಳೇ. ಜನ ಫೋನಿನೊಳಗೆ ಒಬ್ಬರಿಗೊಬ್ಬರು ಹೇಗೆ ಜೊತೆಯಾಗುತ್ತಾರೆ ಎಂಬುದು ಅವಳ ಸಂಶೋಧನೆ. ಅದಕ್ಕೆ ವಡೋದರಾದಲ್ಲಿ ಫೆಲೋಶಿಪ್ ಸಿಕ್ಕಿತ್ತು. ಎಲ್ಲರ ಒಪ್ಪಿಗೆಯ ಸಹಿ ಪಡೆದು ಎಂಟು ತಿಂಗಳು ಆ ಗುಂಪಿನಲ್ಲಿ ಸದ್ದಿಲ್ಲದೆ ಇದ್ದಳು.

ಎರಡನೇ ವರ್ಷಕ್ಕೆ ಫೆಲೋಶಿಪ್ ಮುಂದುವರಿಯಬೇಕಾದರೆ ಮಾತನ್ನೆಲ್ಲ ಇಂಗ್ಲಿಷಿಗಿಳಿಸಿ, ಹೆಸರು ತೆಗೆದು ಅಂಕಿ ಹಾಕಿ, ಧ್ವನಿಯನ್ನು ಅಳಿಸಿ, ಅಳಿಸಿದ್ದೇನೆಂದು ಬರೆದುಕೊಡಬೇಕಿತ್ತು. ಗಡುವಿನ ದಿನ ಅವಳು ಎಲ್ಲ ಧ್ವನಿಯನ್ನೂ ಒಟ್ಟಿಗೆ ಆರಿಸಿ ಅಳಿಸಿದ್ದಳು. ಆಗ ಭೀಮಸೇನ ಹೋಗಿ ಹನ್ನೆರಡು ದಿನ. ಗುಂಪಿನಲ್ಲಿ ಕೈಮುಗಿದ ಚಿತ್ರವನ್ನು ಅವಳೂ ಹಾಕಿದ್ದಳು. ಅಳಿಸುವಾಗ ಮಾತ್ರ ಅವನ ನೆನಪೇ ಬಂದಿರಲಿಲ್ಲ.

“ಅವರ ದನಿ ನಿಮ್ಮ ಕಡೆ ಐತಂತಲ್ರಿ?” ಎಂದು ಮೊನ್ನೆ ಸಾವಿತ್ರಿ ಫೋನಿನಲ್ಲಿ ಕೇಳಿದಾಗ, ಇಲ್ಲವೆನ್ನಲು ಬಾಯಿ ಬರದೆ, “ನಾನೇ ಬರ್ತೀನಿ,” ಎಂದಿದ್ದಳು. ಸಾವಿತ್ರಿ ಅದನ್ನು ಹೌದೆಂದು ತಿಳಿದಿದ್ದಳು.

“ಅಕ್ಕಾ, ಧ್ವನಿ ಇಲ್ಲ,” ಎಂದಳು ಮನಸ್ವಿನಿ. “ನಾನೇ ಡಿಲೀಟ್ ಮಾಡಿದೆ. ರೂಲ್ಸ್ ಇತ್ತು. ಬರೆದಿದ್ದು ಮಾತ್ರ ಇದೆ.”

ಗಣೇಶ್ ಬಾಗಿಲು ಬಿಟ್ಟು ಒಳಗೆ ಒಂದು ಹೆಜ್ಜೆ ಇಟ್ಟ. “ಎಲ್ಲಾದ್ರೂ ಇರ್ತೈತಿ, ಸರಿಯಾಗಿ ಹುಡುಕ್ರಿ ಮೇಡಂ. ಕಂಪ್ಯೂಟರ್‌ದಾಗ ಯಾವುದೂ ಪೂರಾ ಹೋಗಂಗಿಲ್ಲಂತ.”

“ಹೋಗೋ ಹಾಗೇ ಮಾಡಿದೀನಿ.”

ಸಾವಿತ್ರಿ ಬಂದು ಮನಸ್ವಿನಿಯ ಪಕ್ಕ ಕೂತಳು. “ಬರದದ್ದಾದ್ರೂ ಓದ್ರಿ,” ಎಂದಳು.

ಮನಸ್ವಿನಿ ಲ್ಯಾಪ್‌ಟಾಪ್ ತೆರೆದಳು. ‘ವ್ಯಕ್ತಿ ಏಳು’ ಎಂದಿತ್ತು. ಇಂಗ್ಲಿಷಿನಲ್ಲಿದ್ದುದನ್ನು, ವಡೋದರಾದಲ್ಲೇ ಬೆಳೆದ ತನ್ನ ಕನ್ನಡಕ್ಕೆ ತಡವರಿಸುತ್ತ ತಂದಳು. “ಇವತ್ತು ತುಂಬಾ ಬಿಸಿಲು ಇದೆ. ನೀರು ಮುಗಿದಿದೆ. ನನ್ನ ಹೆಂಡತಿಯ ಚಟ್ನಿ ತುಂಬಾ ಖಾರ ಇದೆ.”

“ಹಿಂಗ ಅಂದ್ರಾ?” ಸಾವಿತ್ರಿ ಗಣೇಶನ ಕಡೆ ನೋಡಿದಳು. “ನಮ್ಮವರು ಯಾವಾಗ್ರೀ ಇಷ್ಟು ನಾಜೂಕಾಗಿ ಮಾತಾಡಿದ್ದು? ಬ್ಯಾಂಕಿನ್ ಸಾಹೇಬರಂಗ ಆತು.”

ಸಾವಿತ್ರಿ ಪರದೆಯತ್ತ ಬಾಗಿದಳು.

“ಯಾವ ಚಟ್ನಿರಿ? ಶೇಂಗಾದ್ದೋ, ಅಗಸಿದ್ದೋ?”

“ಚಟ್ನಿ ಅಂತಷ್ಟೇ ಇದೆ.” ಭೀಮಸೇನ ಬೇರೆ ಏನೋ ಅಂದಿದ್ದ; ಆ ಪದ ಗೊತ್ತಾಗದೆ ಮನಸ್ವಿನಿ ಹಾಗೆ ಬರೆದುಕೊಂಡಿದ್ದಳು.

“ಮುಂದ?”

“ನಗು ಅಂತ ಇದೆ. ಮೂರು ಸೆಕೆಂಡ್.”

“ಅದನ್ನೂ ಬರಕೊಂಡೀರಿ?”

“ಹೂಂ. ಬರೀಬೇಕು.”

ಸಾವಿತ್ರಿ ಸೆರಗಿನಿಂದ ಕೈ ಒರೆಸಿಕೊಂಡಳು. “ಮೂರು ಸೆಕೆಂಡ್ ಅಂದ್ರ ಎಷ್ಟ್ರಿ ಮೇಡಂ?”

ಗಂಟು ಕಟ್ಟದೆ ಉಳಿದಿದ್ದ ಗೋಡೆ ಗಡಿಯಾರದತ್ತ ಮನಸ್ವಿನಿ ಕೈ ತೋರಿದಳು. ಕೆಂಪು ಮುಳ್ಳು ಒಂದು ಗೆರೆ ದಾಟಿತು, ಇನ್ನೊಂದು, ಮತ್ತೊಂದು. ಸಾವಿತ್ರಿ ತಲೆ ಎತ್ತಿಕೊಂಡೇ ಇದ್ದಳು. ಮುಳ್ಳು ಸುತ್ತಿ ಮೇಲಕ್ಕೆ ಬಂತು, ಮತ್ತೆ ಕೆಳಗಿಳಿಯತೊಡಗಿತು. ಫ್ಯಾನ್ ಹಾಕಲು ಯಾರೂ ಏಳಲಿಲ್ಲ.